ನೋಡ್ಲಿಕ್ಕೆ ಮಾತ್ರ

“ಮಾಷ್ಟ್ರೇ, ಇಳೀಲಿಕ್ಕಿಲ್ಲ. ನೋಡ್ಲಿಕ್ಕೆ ಮಾತ್ರ.”

ಭಾನುವಾರ ಕೆರೆಯ ಕಾವಲಿನವನಿಂದ ಕೇಳಿದ ಮಾತು. ಇವತ್ತು ಗುರುವಾರ, ಹಲ್ಲುಜ್ಜುವಾಗಲೂ ಅದೇ ಕಿವಿಯಲ್ಲಿ.

ನಮ್ಮೂರ ಕೆರೆ ರಿಪೇರಿಯಾಗಿ ಪಾರ್ಕ್ ಆಗಿದೆ. ಸುತ್ತ ಇಂಟರ್‌ಲಾಕ್, ಸ್ಟೀಲ್ ಬೇಲಿ, ಬೆಂಚು, ಉಯ್ಯಾಲೆ. ಚಂದ ಆಗಿದೆ, ಸುಳ್ಳು ಹೇಳಬಾರದು. ಮೊದಲು ಬರೀ ಪಾಚಿ, ಬಾಟಲಿ, ಒಂಟಿ ಚಪ್ಪಲಿ. ಮೊಮ್ಮಗನ ಜೊತೆ ಎರಡು ಒಣ ತೆಂಗಿನಕಾಯಿ ಹಿಡಿದು ಹೋಗಿದ್ದೆ. ಸಿಪ್ಪೆ ಒಂದೊಂದು ಎಳೆ ಎಬ್ಬಿಸಿ, ಅದರಿಂದಲೇ ಎರಡನ್ನೂ ಗಂಟು ಹಾಕಿ ಎದೆಯಡಿ ಇಟ್ಟುಕೊಂಡರೆ ಹುಡುಗ ತೇಲುತ್ತಾನೆ. ನಾನು ಈಜು ಕಲಿತದ್ದೇ ಹಾಗೆ, ಇದೇ ಕೆರೆಯಲ್ಲಿ.

ಕಾವಲಿನವನು ನನ್ನ ಕ್ಲಾಸಿನಲ್ಲಿ ಕೂತಿದ್ದವ. ಮಗ್ಗಿ ಬರುತ್ತಿರಲಿಲ್ಲ. ಆದರೆ ಮೂಲೆಯ ಕಲ್ಲಿನಿಂದ ನೀರಿಗೆ ಪಲ್ಟಿ ಹೊಡೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪಾಪದವ. ಕುತ್ತಿಗೆಗೆ ಸೀಟಿ ಬಿದ್ದ ಮೇಲೆ ಮಾತ್ರ ಸ್ವರವೇ ಬೇರೆ.

ಇಳೀಲಿಕ್ಕಿಲ್ಲವಂತೆ! ಅನಂತಪುರ ದೇವಸ್ಥಾನದ ಕೆರೆಯಾದರೆ ಸರಿ, ಅಲ್ಲಿ ಮೊಸಳೆ. 2022ರಲ್ಲಿ ಬಬಿಯಾ ಅನ್ನುವ ಮೊಸಳೆ ಸತ್ತರೆ, ಮರುವರ್ಷವೇ ಇನ್ನೊಂದು ಕಾಣಿಸಿಕೊಂಡಿತು. ನಮ್ಮಲ್ಲಿರುವುದು ಕಪ್ಪೆ. ಮಕ್ಕಳು ಮುಳುಗಿದರೆ ಯಾರು ಹೊಣೆ ಅನ್ನುತ್ತಾರೆ. ಒಪ್ಪುತ್ತೇನೆ. ಆದರೆ ಚಂದ್ರಗಿರಿ, ಶಿರಿಯ, ಉಪ್ಪಳ ಅಂತ ಹೆಜ್ಜೆಗೊಂದು ಹೊಳೆ ಇರುವ ಕಾಸರಗೋಡು ಜಿಲ್ಲೆಯಲ್ಲಿ ಈಜು ಬಾರದ ಮಕ್ಕಳ ಗತಿಯೇನು?

ನನಗೆ ಜಾಸ್ತಿ ಚುಚ್ಚಿದ್ದು ಗೋಡೆ. ಹಳೆಯ ಕೆರೆಯ ಬದಿ ಬರೀ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಕಲ್ಲಿನ ತೂತುತೂತಿನಿಂದ ನೀರು ಒಸರುತ್ತಿತ್ತು, ಬೆರಳಿಟ್ಟರೆ ತಣ್ಣಗೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಅಷ್ಟಾದರೂ ಏಪ್ರಿಲಿಗೆ ಟ್ಯಾಂಕರ್ ಬರಬೇಕು, ಯಾಕೆಂದರೆ ಮುರಕಲ್ಲು ನೀರನ್ನು ಕುಡಿದಷ್ಟೇ ಬೇಗ ಬಿಟ್ಟುಕೊಡುತ್ತದೆ. ಅದು ಗೊತ್ತಿದ್ದೇ ಹಿಂದಿನವರು ನೀರಿಗಾಗಿ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದದ್ದು, ಮಳೆನೀರು ನಿಲ್ಲಿಸಿ ಇಂಗಿಸುವ ಮದಕ ಕಟ್ಟಿದ್ದು. ಈಗ ಒರತೆಯ ಬಾಯಿಗೇ ಸಿಮೆಂಟ್ ಮೆತ್ತಿ, ಮೇಲೆ ನೀಲಿ ಬಣ್ಣ ಬಳಿದಿದ್ದಾರೆ. ಬಣ್ಣ ಆರಿಸಿದವರು ಯಾರೋ, ಈಜುಕೊಳದ ಫೋಟೋ ನೋಡಿರಬೇಕು. ಅದರಲ್ಲೂ ಈಜಬಾರದಂತೆ!

ಮೊಮ್ಮಗ ಬೇಲಿಯ ಸಂದಿಯಲ್ಲಿ ಮೂಗು ತೂರಿಸಿ ನಿಂತಿದ್ದ. ತೆಂಗಿನಕಾಯಿ ನನ್ನ ಕೈಯಲ್ಲೇ. ಸುಮ್ನೆ ಹೊರಟೆವು. ಗೇಟು ದಾಟುವಾಗ ಕಾವಲಿನವನು ಹಿಂದೆಯೇ ಬಂದ. ಸೀಟಿ ಜೇಬಿನಲ್ಲಿತ್ತು.

“ಮಾಷ್ಟ್ರೇ, ಬೆಳಿಗ್ಗೆ ಏಳಕ್ಕೆ ಮೊದಲು ನನಗೆ ಡ್ಯೂಟಿ ಇಲ್ಲ.”