ಪಂಪ್ ನಿಂತ ಮೇಲೂ ಹೊಳೆ ಇಳಿಯಿತು

ಅಂತರ್ಜಲದ ಲೆಕ್ಕ ಹಾಕುವುದು ನನ್ನ ಕೆಲಸ. ಹೊಳೆ ಬತ್ತಬಾರದು, ಕೆಳಗಿನವರ ಹಕ್ಕಿನ ನೀರು ತಪ್ಪಬಾರದು. ಅದಕ್ಕೆ ತಕ್ಕಂತೆ ಬೋರ್‌ವೆಲ್‌ಗಳಿಗೆ ಮಿತಿ ಹೇಳಬೇಕು. ಶುರುವಿನಲ್ಲಿ ನಾನು ಬರೆದುಕೊಟ್ಟ ನಿಯಮ ತುಂಬಾ ಸರಳವಾಗಿತ್ತು: ಹೊಳೆಯ ಅಳತೆಪಟ್ಟಿಯಲ್ಲಿ ನೀರು ಈ ಗೆರೆಗೆ ಬಂದರೆ ಎಲ್ಲರೂ ಪಂಪ್ ನಿಲ್ಲಿಸಬೇಕು. ಎಲ್ಲರೂ ನಿಲ್ಲಿಸಿದರು. ನೀರು ಮತ್ತೂ ಇಳಿಯಿತು.

"ನನ್ನ ಬೋರು ಹೊಳೆಯಿಂದ ಎರಡು ಕಿಲೋಮೀಟರ್ ಆಚೆ ಇದೆ ಸಾರ್. ಬೆಳೆ ಒಣಗಿದರೂ ನಿಲ್ಲಿಸಿದೆ. ಹೊಳೆಗೆ ಏನು ಬಂತು?" ಎಂದು ರೈತರೊಬ್ಬರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಮಾತು ನಂಬಿ ಅವರ ಒಂದು ಬೆಳೆ ಹೋಗಿತ್ತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆಮೇಲೆ ಹೊಳೆಯ ತಳಕ್ಕೆ ಒಂದು ಸಣ್ಣ ಪೈಪ್ ಹೊಡೆದೆವು. ಅದರ ಕೆಳತುದಿಯಲ್ಲಿ ತೂತುಗಳಿರುತ್ತವೆ. ನೆಲದಿಂದ ಹೊಳೆಗೆ ನೀರು ಬರುತ್ತಿದ್ದರೆ ಪೈಪಿನ ಒಳಗಿನ ನೀರು ಹೊರಗಿನದಕ್ಕಿಂತ ಮೇಲೆ ನಿಲ್ಲಬೇಕು. ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಒಳಗಿನ ನೀರು ನಾಲ್ಕು ಬೆರಳು ಕೆಳಗಿತ್ತು. ಪಂಪ್‌ಗಳು ನಿಂತು ವಾರಗಳಾಗಿದ್ದವು, ಹೊಳೆಯ ನೀರು ಇನ್ನೂ ನೆಲಕ್ಕೆ ಇಳಿಯುತ್ತಲೇ ಇತ್ತು.

ಬೋರ್ ಮೊದಲು ಎಳೆಯುವುದು ಸುತ್ತಮುತ್ತಲ ನೆಲದ ನೀರನ್ನು. ಅಲ್ಲಿ ನೀರಿನ ಮಟ್ಟ ತಗ್ಗುತ್ತದೆ. ಆ ತಗ್ಗು ಮೆಲ್ಲಗೆ ಹರಡುತ್ತಾ ಹೊಳೆ ಮುಟ್ಟುತ್ತದೆ. ಪಂಪ್ ನಿಂತರೂ ತಗ್ಗು ತುಂಬಬೇಕು ಅಲ್ವಾ? ಹೊಳೆಗೆ ಸೇರಬೇಕಿದ್ದ ನೀರೇ ಅದನ್ನು ತುಂಬುತ್ತದೆ. ಬಾವಿಗೆ ಬರುವ ನೀರು ಎಲ್ಲಿಂದಲೋ ಕಡಿಮೆಯಾಗಲೇಬೇಕು ಎಂಬುದನ್ನು ಅಮೆರಿಕದ ಭೂಜಲ ತಜ್ಞ ಸಿ. ವಿ. ತೈಸ್ 1940ರಲ್ಲೇ ಬಿಡಿಸಿ ಹೇಳಿದ್ದರು. ಓದಿದ್ದೆ. ಆದರೂ ನಿಯಮ ಬರೆಯುವಾಗ ತಲೆಗೆ ಬರಲಿಲ್ಲ.

ಆ ರೈತರ ಬೋರಿನ ಲೆಕ್ಕವನ್ನೇ ಹಾಕಿದೆ. ಎತ್ತಿದ್ದರ ಪರಿಣಾಮ ಹೊಳೆಗೆ ಬಲವಾಗಿ ತಟ್ಟಲು ಎಷ್ಟು ಕಾಲ ಬೇಕು ಎಂದು ತಿಳಿಯಲು ದೂರವನ್ನು ಅದರಿಂದಲೇ ಗುಣಿಸಬೇಕು. ಹಾಗಾಗಿ ದೂರ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು. ನೀರು ಚೆನ್ನಾಗಿ ಹರಿಯುವ ಮರಳಿನ ನೆಲದಲ್ಲಿ ಒಂದು ಕಿಲೋಮೀಟರ್‌ಗೆ ಸುಮಾರು 200 ದಿನ ಬಂದರೆ, ಎರಡು ಕಿಲೋಮೀಟರ್‌ಗೆ 800 ದಿನ. ಅಷ್ಟು ದಿನ ಬಿಡದೆ ಎತ್ತಿದರೆ, ಆ ಹೊತ್ತಿಗೆ ದಿನಕ್ಕೆ ಎತ್ತುವ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ ಹೊಳೆಯದೇ ಆಗಿರುತ್ತದೆ. ನಾಲ್ಕು ತಿಂಗಳು ಮಾತ್ರ ಎತ್ತಿ ನಿಲ್ಲಿಸಿದರೆ? ಎರಡು ಕಿಲೋಮೀಟರ್ ಆಚೆಯ ಬೋರಿನಿಂದ ಹೊಳೆಗೆ ಬೀಳುವ ಹೊಡೆತ ಅತಿ ಜಾಸ್ತಿಯಾಗುವುದು ನಿಲ್ಲಿಸಿದ ಸುಮಾರು ಮೂರು ತಿಂಗಳಿಗೆ. ಆಗ ಅದು ನಿಲ್ಲಿಸಿದ ದಿನದ ಎರಡು ಪಟ್ಟು ಇರುತ್ತದೆ. ಹೊಳೆ ದಂಡೆಯ ಬೋರಿಗೆ ನನ್ನ ನಿಯಮ ಸರಿಯಾಗಿಯೇ ಇತ್ತು. ಈ ರೈತರ ಬೆಳೆ ಸುಮ್ನೆ ಹೋಯಿತು.

ಅಮೆರಿಕದ ಕೊಲೊರಾಡೊದಲ್ಲಿ 1969ರ ಕಾನೂನು ಬಾವಿಗಳನ್ನೂ ಹೊಳೆಯ ಹಕ್ಕುಗಳ ಸಾಲಿನಲ್ಲೇ ತಂದು ಕೂರಿಸಿತು. ಮೊದಲು ಹಕ್ಕು ಪಡೆದವರಿಗೆ ಮೊದಲ ನೀರು. ಆಮೇಲೆ ಬಂದ ಬಾವಿಯವರು ಪಂಪ್ ಮಾಡಬೇಕಾದರೆ, ಹೊಳೆಗೆ ಆಗುವ ಕೊರತೆಯನ್ನು ಅದು ಆಗುವ ಹೊತ್ತಿಗೇ ತುಂಬಿಕೊಡಬೇಕು. ಅಲ್ಲಿನ ಸೌತ್ ಪ್ಲಾಟ್ ನದಿಯ ಕಣಿವೆಯಲ್ಲಿ ನೀರು ಹೆಚ್ಚಿರುವಾಗ ಇಂಗುಹೊಂಡಗಳಿಗೆ ಬಿಡುತ್ತಾರೆ. ಅದು ನೆಲದೊಳಗೇ ನಡೆದು ಬೇಕಾದ ತಿಂಗಳಿಗೆ ಹೊಳೆ ಸೇರುತ್ತದೆ. ನಮಗೆ ಕಾಟ ಕೊಟ್ಟ ಅದೇ ನಿಧಾನವನ್ನು ಅವರು ಕೆಲಸಕ್ಕೆ ಹಚ್ಚಿದ್ದಾರೆ. ನನಗೆ ಇದು ತುಂಬಾ ಇಷ್ಟವಾಯಿತು.

ಈಗ ನಮ್ಮ ಪಟ್ಟಿಯಲ್ಲಿ ಪ್ರತಿ ಬೋರಿನ ಮುಂದೆ ಹೊಳೆಯಿಂದ ಎಷ್ಟು ದೂರ, ಹೊಡೆತ ಯಾವ ತಿಂಗಳು ಎಂದು ಇದೆ. ದಂಡೆಯ ಬೋರ್‌ಗಳಿಗೆ ಹಳೆಯ ಗೆರೆಯೇ. ದೂರದವರಿಗೆ ವರ್ಷಕ್ಕೆ ಇಷ್ಟು ನೀರು ಎಂದು ಬಿತ್ತನೆಗೆ ಮೊದಲೇ ಹೇಳಿಬಿಡುತ್ತೇವೆ. ಆ ರೈತರ ಬಳಿಗೆ ಆ ಕಾಗದ ಹಿಡಿದುಕೊಂಡು ನಾನೇ ಹೋಗಿದ್ದೆ.