ದೊಡ್ಡಜಾಲದ ಹಳೇ ಸ್ಟೇಷನ್

ದೇವನಹಳ್ಳಿ ಕಡೆಗೆ ಎಷ್ಟೋ ಸಲ ಓಡಾಡಿದ್ದರೂ ದೊಡ್ಡಜಾಲದ ಹಳೇ ರೈಲ್ವೆ ಸ್ಟೇಷನ್ನನ್ನು ಹತ್ತಿರದಿಂದ ನೋಡಿದ್ದು ಮೊನ್ನೆ ಭಾನುವಾರ. ಕಲ್ಲುಗೋಡೆಯ ಪುಟ್ಟ ಕಟ್ಟಡ. ವರ್ಷಗಟ್ಟಲೆ ಪಾಳುಬಿದ್ದಿತ್ತು. ಹಳೇ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆ ಇದನ್ನು ಉಳಿಸಲು ಕೈಹಾಕಿದ ಮೇಲೆಯೇ ನಮ್ಮಂಥವರ ಕಣ್ಣಿಗೆ ಬಿದ್ದಿದ್ದು.

1915ರಲ್ಲಿ ಯಶವಂತಪುರದಿಂದ ಚಿಕ್ಕಬಳ್ಳಾಪುರಕ್ಕೆ ಬಂದ ನ್ಯಾರೋಗೇಜ್ ಲೈನಿನ ಸ್ಟೇಷನ್ ಇದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಅತ್ತ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲೇ ಇಂಥದ್ದೇ ಲೈನ್ ಬಂದಿತ್ತು. ಆಮೇಲೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೇಲೆ ಎರಡೂ ಕೂಡಿಕೊಂಡವು. ಕಂಬಿಗಳ ನಡುವೆ ಬರೀ ಎರಡೂವರೆ ಅಡಿ. ಸಣ್ಣ ಏರಿ, ಸಣ್ಣ ಸೇತುವೆ, ಹಗುರ ಕಂಬಿ ಸಾಕಾಗಿದ್ದರಿಂದಲೇ ಇಷ್ಟು ಊರುಗಳಿಗೆ ರೈಲು ಬಂತು ಅನ್ನಬೇಕು.

ಪಕ್ಕದಲ್ಲಿ ಬೈಕ್ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆ. "ಗಾಡಿ ಓಡ್ತಿರೋವಾಗ್ಲೇ ಇಳ್ದು, ಒಂದಕ್ಕೆ ಹೋಗಿ ಬಂದು ಮತ್ತೆ ಹತ್ತಬೋದಿತ್ತು ಕಣಪ್ಪಾ" ಅಂದರು. (ನ್ಯಾರೋಗೇಜ್ ಓಡಿದ ಊರಲ್ಲೆಲ್ಲ ಈ ಮಾತು ಕೇಳಿಸುತ್ತೆ. ಪೂರ್ತಿ ನಂಬಬೇಕಾಗಿಲ್ಲ.) ಮೂಟೆ ಸಾಗಿಸೋದು ಹೇಗಿತ್ತು ಅಂತ ಕೇಳಿದಾಗ ಮಾತ್ರ ದನಿ ಬದಲಾಯಿತು. "ಅದೇ ರಗಳೆ. ಯಶವಂತಪುರದಾಗೆ ಇಳ್ಸಿ ದೊಡ್ಡ ಗಾಡಿಗೆ ಏರಿಸ್ಬೇಕು. ಕೂಲಿ ಎರಡು ಸಲ. ಲಾರಿಯೋನು ಹೊಲದ ಹತ್ರಾನೇ ಬರೋನು."

ಇಡೀ ಚರಿತ್ರೆ ಅಷ್ಟರಲ್ಲೇ ಇದೆ. ಯಶವಂತಪುರದಲ್ಲಿ ಒಂದು ಮೀಟರ್ ಅಗಲದ ಮೀಟರ್ ಗೇಜ್, ಬಂಗಾರಪೇಟೆಯಲ್ಲಿ ಅದಕ್ಕೂ ಅಗಲದ ಬ್ರಾಡ್ ಗೇಜ್, ನಡುವೆ ಎರಡರೊಂದಿಗೂ ಹೊಂದದ ಈ ಪುಟ್ಟ ರೈಲು. ಅಗ್ಗವಾಗಿ ಕಟ್ಟಲು ಅನುಕೂಲವಾದದ್ದೇ ಓಡಿಸುವಾಗ ಉರುಳಾಯಿತು. ಡಾಂಬರು ರಸ್ತೆ ಬಂದ ಮೇಲೆ ಕೇಳೋದೇ ಬೇಡ. 1990ರ ದಶಕದಲ್ಲಿ ಚಿಕ್ಕಬಳ್ಳಾಪುರದವರೆಗೆ ಬ್ರಾಡ್ ಗೇಜ್ ಬಂತು. ಅಲ್ಲಿಂದ ಕೋಲಾರದವರೆಗೆ ಮತ್ತೆ ರೈಲು ಓಡಲು 2013 ಆಗಬೇಕಾಯಿತು. ಹಳೇ ಕಟ್ಟಡಗಳನ್ನು ಕೇಳುವವರಿಲ್ಲದಂತಾಯಿತು. 2021ರಲ್ಲಿ ದೊಡ್ಡಜಾಲದ ಆಚೆ ವಿಮಾನ ನಿಲ್ದಾಣದವರಿಗೆಂದೇ ಹೊಸ ಹಾಲ್ಟ್ ಸ್ಟೇಷನ್ ಶುರುವಾಗಿದೆ.

ಈ ಹಳೇ ಸ್ಟೇಷನ್ನನ್ನು ಮ್ಯೂಸಿಯಂ ಮಾಡುವುದಾದರೆ ಮಾಡಲಿ, ಬೇಡ ಅನ್ನಲ್ಲ. ಆದರೆ ಇಲ್ಲಿ ನಿಲ್ಲುವ ರೈಲುಗಳ ವೇಳಾಪಟ್ಟಿಯೊಂದನ್ನು ಗೋಡೆಗೆ ಹಾಕಿದರೆ ಕಟ್ಟಡಕ್ಕೂ ಕೆಲಸ ಸಿಕ್ಕೀತು. ಹಿರಿಯರಿಗೂ ಅದನ್ನೇ ಹೇಳಿದೆ.

"ನೀವು ರೈಲಲ್ಲಿ ಬಂದ್ರಾ?" ಅಂದರು.

"ಇಲ್ಲ, ಬಸ್ಸಲ್ಲಿ."

"ಮತ್ತೆ!" ಅಂದು ಬೈಕಿಗೆ ಕಿಕ್ ಹೊಡೆದರು.