ನೆಂಟರ ಮನೆಯ ಮಾತು

“ಮನೆಗೆ ಬೆಂಕಿ ಬಿದ್ದಾಗ ನೆಂಟರ ಮನೆಗೆ ಹೋಗಿ ಎಲೆ ಹಾಕಿಸಿಕೊಂಡು ಕುಳಿತಂತಾಯಿತು” ಎಂದರು ಮೇಷ್ಟ್ರು. ಉಕ್ರೇನಿನ ಜಿಮ್ನಾಸ್ಟ್ ಇಲಿಯಾ ಕೊವ್ತುನ್ ಕ್ರೊಯೇಷಿಯಾದ ಪರವಾಗಿ ಸ್ಪರ್ಧಿಸಲು ನಿರ್ಧರಿಸಿದ ವಿಷಯವನ್ನು ಕಳೆದ ಭಾನುವಾರ ನಾನು ಅವರಿಗೆ ಹೇಳಿ ಮುಗಿಸುವ ಮೊದಲೇ ಈ ಮಾತು ಬಂದಿತ್ತು. ಶಾಲೆಯಲ್ಲಿ ನಮಗೆ ಪ್ಯಾರಲಲ್ ಬಾರ್ ಎಂಬ ಜೋಡಿ ಸರಳುಗಳ ಮೇಲೆ ಕೈಯೂರಿ ನಡೆಯುವುದನ್ನು ಕಲಿಸಿದವರು ಅವರು. ಅವರೆದುರು ನಾನು ಇಂದಿಗೂ ತಗ್ಗಿದ ದನಿಯಲ್ಲೇ ಮಾತನಾಡುತ್ತೇನೆ. ಹಾಗಾಗಿ ಆಗ ಏನನ್ನೂ ಹೇಳಲಿಲ್ಲ. ಆದರೆ ಈ ವಾರವಿಡೀ, ಬಸ್ಸಿನಲ್ಲಿ ಕುಳಿತಾಗ, ರಾತ್ರಿ ದೀಪ ಆರಿಸಿದ ಮೇಲೆ, ಆ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ.

ಕೊವ್ತುನ್ ದ್ನಿಪ್ರೊ ನದಿಯ ದಂಡೆಯ ಚೆರ್ಕಾಸಿ ನಗರದವನು, 2003ರ ಆಗಸ್ಟ್‌ನಲ್ಲಿ ಹುಟ್ಟಿದವನು. 2021ರಲ್ಲಿ ಜಪಾನಿನ ಕಿಟಾಕ್ಯುಶುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಹದಿನೆಂಟನೆಯ ವಯಸ್ಸಿಗೇ, ಆರೂ ಸಾಧನಗಳನ್ನು ಒಳಗೊಂಡ ಆಲ್‌ರೌಂಡ್ ವಿಭಾಗದ ಕಂಚು ಗೆದ್ದ. ನಾನು ಅವನ ಹೆಸರನ್ನು ಗುರುತಿಟ್ಟುಕೊಂಡದ್ದು ಆಗ. ಆದರೆ ಅವನನ್ನು ಮರೆಯಲಾಗದಂತೆ ಮಾಡಿದ್ದು 2022ರ ಮಾರ್ಚ್ ಮೊದಲ ವಾರದಲ್ಲಿ ದೋಹಾದ ವಿಶ್ವಕಪ್ ಸ್ಪರ್ಧೆಯಲ್ಲಿ ತೆಗೆದ ಒಂದು ಛಾಯಾಚಿತ್ರ. ರಷ್ಯಾದ ಸೈನ್ಯ ಉಕ್ರೇನಿನೊಳಗೆ ನುಗ್ಗಿ ಇನ್ನೂ ಹತ್ತು ದಿನಗಳು ತುಂಬಿದ್ದವಷ್ಟೆ. ಪ್ಯಾರಲಲ್ ಬಾರ್ಸ್‌ನಲ್ಲಿ ಚಿನ್ನ ಕೊವ್ತುನ್‌ಗೆ, ಬೆಳ್ಳಿ ಕಜಕಸ್ತಾನದ ಮಿಲಾದ್ ಕರಿಮಿಗೆ, ಕಂಚು ರಷ್ಯಾದ ಇವಾನ್ ಕುಲ್ಯಾಕ್‌ಗೆ. ಕುಲ್ಯಾಕ್ ಎದೆಯ ಮೇಲೆ ‘ಝಡ್’ ಅಕ್ಷರವನ್ನು ಅಂಟಿಸಿಕೊಂಡು ಪದಕ ವೇದಿಕೆ ಹತ್ತಿದ್ದ. ಉಕ್ರೇನಿನ ರಸ್ತೆಗಳಲ್ಲಿ ಆಗ ಸಾಗುತ್ತಿದ್ದ ರಷ್ಯಾದ ಸೇನಾ ವಾಹನಗಳ ಮೇಲೆ ಬಳಿದಿದ್ದದ್ದು ಅದೇ ಅಕ್ಷರ.

ಅದೇ ವೇದಿಕೆಯ ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಆ ಅಕ್ಷರವಿರುವಾಗ ಕೊರಳಿಗೆ ಚಿನ್ನದ ಪದಕ ಹಾಕಿಸಿಕೊಳ್ಳುವುದು ಹೇಗಿದ್ದೀತು ಎಂದು ನಾನು ಎಷ್ಟೋ ಬಾರಿ ಕೇಳಿಕೊಂಡಿದ್ದೇನೆ. ಕುಲ್ಯಾಕ್‌ನನ್ನು ಮುಂದೆ ಒಂದು ವರ್ಷ ನಿಷೇಧಿಸಿ, ಪದಕವನ್ನೂ 500 ಸ್ವಿಸ್ ಫ್ರಾಂಕ್ ಬಹುಮಾನವನ್ನೂ ಹಿಂದಿರುಗಿಸುವಂತೆ ಆದೇಶಿಸಲಾಯಿತು. ಇನ್ನೊಮ್ಮೆ ಅವಕಾಶ ಸಿಕ್ಕರೂ ಹಾಗೆಯೇ ಮಾಡುತ್ತೇನೆಂದು ಅವನು ಹೇಳಿಕೊಂಡ. ಅವನಿಗೂ ಆಗ ಇಪ್ಪತ್ತೇ ವರ್ಷ ಎಂಬುದು ಗೊತ್ತಿದ್ದೂ ನನಗೆ ಅವನ ಮೇಲೆ ಕನಿಕರ ಹುಟ್ಟುವುದಿಲ್ಲ. ಜೊತೆಯಲ್ಲಿ ಬೆವರು ಸುರಿಸಿದವನ ಊರಿಗೆ ಬೆಂಕಿ ಬಿದ್ದಿರುವಾಗ ಆ ಬೆಂಕಿಯ ಗುರುತನ್ನೇ ಎದೆಗೆ ಅಂಟಿಸಿಕೊಂಡು ಬರುವುದನ್ನು ಯಾವ ವಯಸ್ಸೂ ಸಮರ್ಥಿಸಲಾರದು.

ಮೇಷ್ಟ್ರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುತ್ತಿಲ್ಲ. ಯುದ್ಧ ಶುರುವಾದಂದಿನಿಂದ ಹದಿನೆಂಟು ದಾಟಿದ ಗಂಡಸರು ಉಕ್ರೇನಿನ ಗಡಿ ದಾಟುವುದಕ್ಕೆ ನಿರ್ಬಂಧವಿತ್ತು. ಕ್ರೀಡಾಪಟುಗಳು ಅನುಮತಿ ಪಡೆದು ಹೊರಗೆ ಹೋಗಿ ಸ್ಪರ್ಧಿಸುತ್ತಿದ್ದರು. ಆ ಅನುಮತಿಯ ಹಿಂದೆ ಒಂದು ನಂಬಿಕೆಯಿತ್ತು ಎಂದು ಅಲ್ಲಿಯವರು ನೊಂದುಕೊಂಡರೆ ಅದು ತಪ್ಪಲ್ಲ. ಅದೇ ತಂಡದ ಓಲೆಗ್ ವೆರ್ನ್ಯಾಯೆವ್, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪ್ಯಾರಲಲ್ ಬಾರ್ಸ್ ಚಿನ್ನ ಗೆದ್ದವನು, ಹುಟ್ಟಿದ್ದು ದೊನೆತ್ಸ್ಕ್‌ನಲ್ಲಿ. 2014ರಲ್ಲೇ ಅವನ ಊರು ಕೈತಪ್ಪಿ ಹೋಯಿತು. ಆದರೂ ಅವನು ಉಕ್ರೇನಿನ ಅಂಗಿಯಲ್ಲೇ ಉಳಿದ. 2024ರಲ್ಲಿ ಇಟಲಿಯ ರಿಮಿನಿಯಲ್ಲಿ ಉಕ್ರೇನ್ ಯುರೋಪಿನ ತಂಡ ಪ್ರಶಸ್ತಿ ಗೆದ್ದಾಗ ಇಬ್ಬರೂ ಒಟ್ಟಿಗಿದ್ದರು. ಆ ತಂಡದಿಂದ ಒಬ್ಬ ಹೊರಟು ಹೋದಾಗ ಉಳಿದವರ ಎದೆಯಲ್ಲಿ ಏನಾಗಿರಬಹುದು ಎಂಬುದನ್ನು ನಾನು ಊಹಿಸಬಲ್ಲೆ.

ಆದರೂ ‘ಎಲೆ ಹಾಕಿಸಿಕೊಂಡು ಕುಳಿತ’ ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಈ ಕೆಲಸದಲ್ಲಿ ಕುಳಿತುಕೊಳ್ಳುವುದೆಂಬುದೇ ಇಲ್ಲ. ಮೂರೂವರೆ ಮೀಟರ್ ಉದ್ದದ, ನೆಲದಿಂದ ಎರಡು ಮೀಟರ್ ಎತ್ತರದ ಎರಡು ಸರಳುಗಳು. ಸ್ಪರ್ಧೆಗೆ ಮುನ್ನ ಅನೇಕರು ಆ ಸರಳುಗಳಿಗೆ ಜೇನುತುಪ್ಪ ಸವರಿ ಅದರ ಮೇಲೆ ಮೆಗ್ನೀಷಿಯಂ ಪುಡಿಯನ್ನು ತಿಕ್ಕುತ್ತಾರೆ. ಅಂಗೈ ಜಾರಬಾರದು, ಆದರೆ ಅಂಟಿ ನಿಂತುಬಿಡಲೂಬಾರದು. ಆ ಹದ ಸಿಗುವ ತನಕ ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಾರೆ. ಆಮೇಲೆ ದೇಹದ ಇಡೀ ಭಾರ ಒಂದೇ ಕೈಯ ಮೇಲೆ ನಿಂತು ತಿರುಗುತ್ತದೆ. ಕೊನೆಯಲ್ಲಿ ನೆಲಕ್ಕಿಳಿದಾಗ ಪಾದ ಒಂದು ಚಿಕ್ಕ ಹೆಜ್ಜೆ ಸರಿದರೂ ಹತ್ತನೇ ಒಂದು ಅಂಕ ಹೋಗುತ್ತದೆ, ಬಿದ್ದರೆ ಪೂರ್ತಿ ಒಂದು ಅಂಕ. ಶಾಲೆಯಲ್ಲಿ ಬರೀ ಕೈಯೂರಿ ನಾಲ್ಕು ಹೆಜ್ಜೆ ನಡೆದುದಕ್ಕೇ ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದು, ಮೇಷ್ಟ್ರು ಅವಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದ್ದರು.

ಇಂಥ ಕೆಲಸವನ್ನು ಯುದ್ಧದ ನಡುವೆ, ಪರದೇಶದಲ್ಲಿ ಉಳಿದು, ಆ ಹುಡುಗ ಮಾಡುತ್ತಲೇ ಬಂದ. 2023ರಲ್ಲಿ ಆಂಟ್ವರ್ಪ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಪಾನಿನ ಡೈಕಿ ಹಶಿಮೊಟೊ ಒಬ್ಬನ ಹಿಂದೆ ಮಾತ್ರ ನಿಂತು ಆಲ್‌ರೌಂಡ್ ಬೆಳ್ಳಿ ಗೆದ್ದ. 2024ರ ಆಗಸ್ಟ್ 5ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಪ್ಯಾರಲಲ್ ಬಾರ್ಸ್ ಅಂತಿಮ ಸ್ಪರ್ಧೆಯಲ್ಲಿ ಚೀನಾದ ಝೌ ಜಿಂಗ್ಯುವಾನ್ 16.200 ಅಂಕಗಳೊಂದಿಗೆ ಯಾರಿಗೂ ಎಟುಕದಷ್ಟು ಎತ್ತರದಲ್ಲಿದ್ದ, 15.500 ಅಂಕಗಳೊಂದಿಗೆ ಬೆಳ್ಳಿ ಕೊವ್ತುನ್‌ನದಾಯಿತು. ಅವನಿಗೆ ಇಪ್ಪತ್ತೊಂದು ತುಂಬಲು ಇನ್ನೂ ಐದು ದಿನಗಳಿದ್ದವು. ಆ ಬೆಳ್ಳಿ ಉಕ್ರೇನಿನ ಲೆಕ್ಕಕ್ಕೇ ಸೇರಿದೆ, ಇನ್ನು ಅವನು ಯಾವ ಅಂಗಿ ತೊಟ್ಟರೂ ಅದು ಅಲ್ಲಿಂದ ಕದಲುವುದಿಲ್ಲ. ಮೇಷ್ಟ್ರ ಉಪಮೆಯನ್ನೇ ಹಿಡಿದು ಹೇಳುವುದಾದರೆ, ಮನೆಗೆ ಬೆಂಕಿ ಬಿದ್ದಾಗ ಮಕ್ಕಳನ್ನು ಮೊದಲು ನೆಂಟರ ಮನೆಗೆ ಕಳಿಸುವವರೂ ನಾವೇ ಅಲ್ಲವೇ? ಅಲ್ಲಿ ಹೋದ ಮಗು ವರ್ಷಗಟ್ಟಲೆ ಉಳಿದು, ಆ ಮನೆಯ ಅನ್ನ ಉಂಡು, ಆ ಮನೆಯದೇ ಆಗಿಬಿಟ್ಟರೆ ದೂರಬೇಕಾದದ್ದು ಮಗುವನ್ನೋ, ಬೆಂಕಿ ಇಟ್ಟವನನ್ನೋ?

ನಿನ್ನೆ ಸಂಜೆ ಧೈರ್ಯ ಮಾಡಿ ಮೇಷ್ಟ್ರ ಮನೆಗೆ ಹೋಗಿ, ಮೊಬೈಲಿನಲ್ಲಿ ಪ್ಯಾರಿಸ್‌ನ ಆ ಪ್ರದರ್ಶನವನ್ನು ತೋರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು, ಹುಡುಗನ ಮುಖವನ್ನಲ್ಲ, ಮಣಿಕಟ್ಟುಗಳನ್ನೇ ನೋಡಿದರು. ಮುಗಿದ ಮೇಲೆ “ಇನ್ನೊಂದು ಸಲ ಹಾಕಪ್ಪ” ಎಂದರು. ಎರಡನೆಯ ಸಲವೂ ನೋಡಿ ಕೇಳಿದರು: “ಇವನಿಗೆ ಕಲಿಸಿದವರು ಯಾರು?”

“ಇರಿನಾ ನಾದ್ಯುಕ್ ಅಂತ ಸರ್. ಚೆರ್ಕಾಸಿಯವರು, ಹೆಣ್ಣುಮಗಳು.” ಪುರುಷರ ಜಿಮ್ನಾಸ್ಟಿಕ್ಸ್‌ನಲ್ಲಿ ಈ ಮಟ್ಟಕ್ಕೆ ಶಿಷ್ಯನನ್ನು ತಂದ ಮಹಿಳೆಯರು ತೀರ ವಿರಳ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಆಯಮ್ಮ ಈಗ ಎಲ್ಲಿದ್ದಾರೆ?”

“ಅವನ ಜೊತೆಗೇ ಕ್ರೊಯೇಷಿಯಾಕ್ಕೆ ಹೋದರು ಸರ್.”

ಮೇಷ್ಟ್ರು ಬಹಳ ಹೊತ್ತು ಮಾತನಾಡಲಿಲ್ಲ. ಭಾನುವಾರದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ಅದನ್ನು ನೆನಪಿಸಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದು, “ಶಿಷ್ಯನ ಜೊತೆ ಹೋದರಾ” ಎಂದು ತಮ್ಮಷ್ಟಕ್ಕೇ ಎಂಬಂತೆ ಹೇಳಿ, ಗೇಟಿನ ಚಿಲಕ ಹಾಕಿಕೊಂಡರು.